ಉಕ್ಕು ಯಾರ ಹಕ್ಕು?



ಈ ಸಲ ಒಂದು ಘೋಷಣೆಯಿಂದ ಶುರು ಮಾಡೋಣ. ‘ವಿಶಾಖ ಉಕ್ಕು – ಆಂಧ್ರುಲ ಹಕ್ಕು’. ತೆಲುಗು ಬಾರದಿದ್ದರೂ ಅರ್ಥವಾಯಿತು, ಅಲ್ಲವೇ? ಅವರ ಉಕ್ಕು ನಮಗೂ ಉಕ್ಕೇ, ಅವರ ಹಕ್ಕು ನಮಗೂ ಹಕ್ಕೇ. ನಾವು ‘ಆಂಧ್ರರ’ ಎನ್ನುವಲ್ಲಿ ಅವರು ‘ಆಂಧ್ರುಲ’ ಎನ್ನುತ್ತಾರೆ, ಅಷ್ಟೇ. ಉಕ್ಕು ದಕ್ಷಿಣದ ನೆಲದ ಹಳೆಯ ಪದ, ಹಕ್ಕು ಅರಬ್ಬಿಯಿಂದ ಬಂದು ನಮ್ಮ ಮನೆಯದೇ ಆಗಿಹೋದ ಪದ. 1966ರಲ್ಲಿ ಈ ಎರಡು ಪದಗಳನ್ನು ಯಾರೋ ಜೋಡಿಸಿದರು. ಪ್ರಾಸ ಎಷ್ಟು ಸಲೀಸಾಗಿ ಕೂತಿತೆಂದರೆ, ಗೋಡೆಗಳ ಮೇಲೆ, ಬಾಯಿಗಳಲ್ಲಿ, ಮೆರವಣಿಗೆಗಳಲ್ಲಿ ಅದು ಓಡಾಡತೊಡಗಿತು. ಆ ವರ್ಷ ಅದೇ ಘೋಷಣೆ ಕೂಗುತ್ತಾ ಗುಂಡಿಗೆ ಎದೆಕೊಟ್ಟವರೂ ಇದ್ದರು.

ಕೆಲಸವಿಲ್ಲದ ಹುಡುಗನೊಬ್ಬ ‘ನನಗೆ ಕೆಲಸ ಕೊಡಿ’ ಎಂದು ಕೇಳಿದರೆ ಅದು ಅರ್ಜಿ. ಲಕ್ಷಾಂತರ ಜನ ಒಟ್ಟಿಗೆ ‘ಕಾರ್ಖಾನೆ ನಮ್ಮ ಹಕ್ಕು’ ಎಂದರೆ ಅದು ಚರಿತ್ರೆ. ಅರ್ಜಿ ಚರಿತ್ರೆಯಾದದ್ದು ಹೇಗೆ, ಆಮೇಲೆ ಆ ಹಕ್ಕು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇವೆ. ನಡುವೆ ನಮ್ಮ ಬಳ್ಳಾರಿ, ಭದ್ರಾವತಿ, ಬೆಂಗಳೂರುಗಳೂ ಬಂದುಹೋಗುತ್ತವೆ.

ಎರಡು ಊರು, ಎರಡು ಸ್ವಭಾವ

ಆಂಧ್ರದ ಕರಾವಳಿಯಲ್ಲಿ ಎರಡು ದೊಡ್ಡ ಊರು. ವಿಶಾಖಪಟ್ಟಣ ಸಮುದ್ರದ ಊರು, ವಿಜಯವಾಡ ನದಿಯ ಊರು.

ವಿಶಾಖಪಟ್ಟಣದ ಬಂದರಿಗೆ 1933ರಲ್ಲಿ ಹಡಗು ಬರತೊಡಗಿತು. 1941ರಲ್ಲಿ ಸಿಂಧಿಯಾ ಕಂಪನಿ ಅಲ್ಲಿ ಹಡಗು ಕಟ್ಟೆ ಶುರುಮಾಡಿತು, ಅಡಿಗಲ್ಲು ಇಟ್ಟವರು ಬಾಬು ರಾಜೇಂದ್ರ ಪ್ರಸಾದ್. ಅಲ್ಲಿ ಕಟ್ಟಿದ ‘ಜಲ ಉಷಾ’ ಹಡಗನ್ನು 1948ರಲ್ಲಿ ನೀರಿಗಿಳಿಸಿದವರು ಪಂಡಿತ್ ನೆಹರೂ. 1957ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಬಂತು. ಹೀಗೆ ಒಂದು ಮೀನುಗಾರರ ಊರು ಎರಡೂವರೆ ದಶಕದೊಳಗೆ ಕೈಗಾರಿಕೆಯ ಊರಾಯಿತು.

ವಿಜಯವಾಡದ ದಾರಿ ಬೇರೆ. 1855ರಲ್ಲಿ ಅಲ್ಲಿ ಕೃಷ್ಣೆಗೆ ಅಣೆಕಟ್ಟು ಬಿತ್ತು. ನಮ್ಮ ಬಾಗಲಕೋಟೆ, ರಾಯಚೂರು ದಾಟಿ ಹೋಗುವ ಅದೇ ಕೃಷ್ಣೆ. ಕಾಲುವೆ ನೀರು ಹರಿದ ಕಡೆಯೆಲ್ಲ ಭತ್ತ ಬೆಳೆಯಿತು, ಭತ್ತ ಬೆಳೆದ ಕಡೆ ಹಣ ಬೆಳೆಯಿತು. ಆಮೇಲೆ ರೈಲು ಬಂತು, ಮದ್ರಾಸು, ಕಲ್ಕತ್ತ, ಹೈದರಾಬಾದಿನ ಹಳಿಗಳು ಕೂಡುವ ದೊಡ್ಡ ಜಂಕ್ಷನ್ ಆಯಿತು. ಅಕ್ಕಿ ಗಿರಣಿ, ಗೋದಾಮು, ಮುದ್ರಣಾಲಯ, ಲಾರಿ ಶೆಡ್ಡು ಬಂದವು. ಇವೆಲ್ಲವೂ ಇರುವ ಕಡೆ ಹಮಾಲರು, ರಿಕ್ಷಾ ತುಳಿಯುವವರು, ರೈಲ್ವೆ ಕೂಲಿಗಳೂ ಇರಲೇಬೇಕಲ್ಲ?

ಎರಡು ಊರುಗಳನ್ನು ಬೆಸೆಯುವ ಒಂದು ಸಂಗತಿಯಲ್ಲಿ ಮೈಸೂರಿನ ನೆನಪೂ ಇದೆ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ವಿಜಯವಾಡದಲ್ಲಿ. ಅದು ವಿಶಾಖಪಟ್ಟಣದ ವಾಲ್ತೇರಿಗೆ ಹೋದದ್ದು 1930ರಲ್ಲಿ. ಅದರ ಮೊದಲ ಕುಲಪತಿ ಸಿ.ಆರ್. ರೆಡ್ಡಿ ಅವರು ಅದಕ್ಕೂ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ಈ ವಿಶ್ವವಿದ್ಯಾಲಯದಿಂದ ವರ್ಷ ವರ್ಷವೂ ಪದವೀಧರರು ಹೊರಬಂದರು. ಪದವಿ ಕೈಗೆ ಬಂತು, ಕೆಲಸ ಬರಲಿಲ್ಲ. ಮುಂದಿನ ಕತೆಯ ಬೀಜ ಇಲ್ಲಿದೆ.

ಕೆಂಪು ಬಾವುಟದ ಬೆಜವಾಡ

ವಿಜಯವಾಡವನ್ನು ಹಳಬರು ಈಗಲೂ ಬೆಜವಾಡ ಎನ್ನುತ್ತಾರೆ. 1934ರಲ್ಲಿ ಆಂಧ್ರದ ಕಮ್ಯುನಿಸ್ಟ್ ಪಕ್ಷದ ಸಂಘಟನೆ ರೂಪುಗೊಂಡದ್ದು ಈ ಸೀಮೆಯಲ್ಲೇ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪುಚ್ಚಲಪಲ್ಲಿ ಸುಂದರಯ್ಯನವರು ನೆಲ್ಲೂರು ಜಿಲ್ಲೆಯ ಜಮೀನುದಾರರ ಮನೆಯ ಮಗ. ಹೆಸರಿನ ಬಾಲದಲ್ಲಿದ್ದ ಜಾತಿಯನ್ನು ಬಿಟ್ಟರು, ಪಾಲಿಗೆ ಬಂದ ಆಸ್ತಿಯನ್ನೂ ಬಿಟ್ಟರು. ಪಕ್ಷದ ‘ಪ್ರಜಾಶಕ್ತಿ’ ಪತ್ರಿಕೆ 1942ರಲ್ಲಿ ವಿಜಯವಾಡದಿಂದ ಹೊರಟಿತು. ಅದು ನಿಷೇಧಕ್ಕೆ ಸಿಕ್ಕಿ ನಿಂತ ಮೇಲೆ 1952ರಲ್ಲಿ ‘ವಿಶಾಲಾಂಧ್ರ’ ಬಂತು. 1944ರಲ್ಲಿ ಅಖಿಲ ಭಾರತ ಕಿಸಾನ್ ಸಭೆಯ ಅಧಿವೇಶನ ಇದೇ ಊರಿನಲ್ಲಿ ನಡೆಯಿತು.

ಆದರೆ ಇಲ್ಲೊಂದು ಗಂಟಿದೆ. ಈ ಪಕ್ಷದ ಮುಂದಾಳುಗಳಲ್ಲಿ ಬಹಳ ಮಂದಿ ಬಂದದ್ದು ಕೃಷ್ಣಾ ಡೆಲ್ಟಾದ ಅನುಕೂಲಸ್ಥ ರೈತ ಕುಟುಂಬಗಳಿಂದ. ಹೊಲದಲ್ಲಿ ಕೂಲಿ ಮಾಡುತ್ತಿದ್ದವರು ಹೆಚ್ಚಾಗಿ ದಲಿತರು. ಬಾವುಟ ಒಂದೇ, ಮನೆಗಳು ಬೇರೆ ಬೇರೆ. ಅಮೆರಿಕದ ಲೇಖಕ ಸೆಲಿಗ್ ಹ್ಯಾರಿಸನ್ 1956ರಲ್ಲಿ ಆಂಧ್ರದ ಕಮ್ಯುನಿಸ್ಟರ ಬಗ್ಗೆ ಬರೆಯುತ್ತಾ ಇದನ್ನೇ ಎತ್ತಿ ತೋರಿಸಿದರು: ಇಲ್ಲಿ ವರ್ಗದ ಮಾತಿನ ಅಡಿಯಲ್ಲಿ ಜಾತಿಯ ಲೆಕ್ಕವೂ ಓಡುತ್ತಿದೆ ಎಂದು. ಅವರ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ ನಮ್ಮ ದೇಶದಲ್ಲಿ ವರ್ಗ ಎಂದಾಗ ಜಾತಿಯನ್ನು ಬಿಟ್ಟು ಮಾತಾಡುವುದು ಕಷ್ಟ ಎಂಬುದನ್ನು ಅಲ್ಲಗಳೆದವರು ಕಡಿಮೆ.

1955ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಆಂಧ್ರ ರಾಜ್ಯದ ಚುನಾವಣೆ ಫೆಬ್ರವರಿಯಲ್ಲಿ. ಕಮ್ಯುನಿಸ್ಟರೇ ಸರ್ಕಾರ ಮಾಡುತ್ತಾರೇನೋ ಎಂದು ದೆಹಲಿಗೂ ಆತಂಕ. ಅದಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, ಜನವರಿಯಲ್ಲಿ, ಮದ್ರಾಸಿನ ಹತ್ತಿರದ ಆವಡಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿ ‘ಸಮಾಜವಾದಿ ಮಾದರಿಯ ಸಮಾಜ’ ನಮ್ಮ ಗುರಿ ಎಂದು ಠರಾವು ಮಾಡಿತು. ಮಾಸ್ಕೋದ ‘ಪ್ರಾವ್ದಾ’ ಪತ್ರಿಕೆಯೂ ಅದೇ ಹೊತ್ತಿಗೆ ನೆಹರೂ ಅವರನ್ನು ಹೊಗಳಿ ಬರೆಯಿತು, ಕಾಂಗ್ರೆಸ್ಸಿನವರು ಅದನ್ನೇ ಆಂಧ್ರದಲ್ಲಿ ಹಂಚಿದರು! ಫಲಿತಾಂಶ? 196 ಸ್ಥಾನಗಳಲ್ಲಿ ಕಮ್ಯುನಿಸ್ಟರಿಗೆ ಸಿಕ್ಕಿದ್ದು 15. ಮತ ಮಾತ್ರ ನೂರಕ್ಕೆ 31ರಷ್ಟು ಬಂದಿತ್ತು. ಸಮಾಜವಾದ ಸೋಲಲಿಲ್ಲ, ಅದರ ಗುತ್ತಿಗೆ ಕೈಬದಲಾಯಿತು ಅಷ್ಟೇ. 1961ರಲ್ಲಿ ಕಮ್ಯುನಿಸ್ಟ್ ಪಕ್ಷದ ಆರನೆಯ ಮಹಾಧಿವೇಶನ ವಿಜಯವಾಡದಲ್ಲೇ ನಡೆಯಿತು. ಮೂರು ವರ್ಷಕ್ಕೆ, 1964ರಲ್ಲಿ, ಪಕ್ಷ ಎರಡಾಯಿತು.

1966ರ ಬಿಸಿ

ಈಗ ಆ ಘೋಷಣೆಯ ವರ್ಷಕ್ಕೆ ಬರೋಣ. 1966 ಎಂದರೆ ಹೇಗಿತ್ತು ಗೊತ್ತೇ? ಸತತ ಬರ. ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ. ಪಂಚವಾರ್ಷಿಕ ಯೋಜನೆಯನ್ನೇ ಮೂರು ವರ್ಷ ಬದಿಗಿಟ್ಟು ವಾರ್ಷಿಕ ಯೋಜನೆಗಳಲ್ಲಿ ದಿನ ದೂಡಿದ ಕಾಲ. ಎಂಜಿನಿಯರಿಂಗ್ ಓದಿದವರಿಗೂ ಕೆಲಸ ಹುಟ್ಟುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ಆಸೆ ಚಿಗುರಿತ್ತು. ದೇಶದ ಮುಂದಿನ ಉಕ್ಕಿನ ಕಾರ್ಖಾನೆ ಎಲ್ಲಿರಬೇಕೆಂದು ನೋಡಲು ಬಂದಿದ್ದ ಬ್ರಿಟಿಷ್-ಅಮೆರಿಕನ್ ತಜ್ಞರ ತಂಡ 1965ರಲ್ಲಿ ವಿಶಾಖಪಟ್ಟಣ ಸೂಕ್ತ ಎಂದು ವರದಿ ಕೊಟ್ಟಿತ್ತು. ಬಂದರು ಇದೆ, ರೈಲು ಇದೆ, ಬೈಲಾಡಿಲದ ಅದಿರಿನ ಗುಡ್ಡಗಳಿಂದ ಸಮುದ್ರಕ್ಕೆ ರೈಲು ಹಳಿ ತಯಾರಾಗುತ್ತಿದೆ. ಆ ಹಳಿ ಹಾಕಿದ್ದು ಜಪಾನಿಗೆ ಅದಿರು ಕಳಿಸಲು. ಊರಿನ ಹುಡುಗರ ಪ್ರಶ್ನೆ ಸರಳವಾಗಿತ್ತು: ಅದಿರು ನಮ್ಮ ಕಣ್ಣೆದುರೇ ಹಡಗು ಹತ್ತಿ ಹೋಗುವುದಾದರೆ, ಅದನ್ನು ಇಲ್ಲೇ ಕರಗಿಸಿ ಉಕ್ಕು ಮಾಡಬಾರದೇಕೆ? ಆ ಕೆಲಸ ನಮಗೆ ಸಿಗಬಾರದೇಕೆ?

ದೆಹಲಿ ಹಣವಿಲ್ಲ ಎಂದಿತು. ಕಾರ್ಖಾನೆ ಕೈತಪ್ಪುತ್ತದೆ ಎಂಬ ಸುದ್ದಿ ಹಬ್ಬಿತು. 1966ರ ಅಕ್ಟೋಬರ್ 15ರಂದು ಟಿ. ಅಮೃತರಾವ್ ಅವರು ವಿಶಾಖಪಟ್ಟಣದಲ್ಲಿ ಆಮರಣಾಂತ ಉಪವಾಸ ಕುಳಿತರು. ಹಿರಿಯ ಗಾಂಧಿವಾದಿ ತೆನ್ನೇಟಿ ವಿಶ್ವನಾಥಂ ಚಳವಳಿಯ ಮುಂದೆ ನಿಂತರು. ವಿದ್ಯಾರ್ಥಿಗಳು ಬೀದಿಗಿಳಿದರು. ನವೆಂಬರ್ 1ರಂದು, ಆಂಧ್ರಪ್ರದೇಶ ರಾಜ್ಯ ಹುಟ್ಟಿ ಹತ್ತು ವರ್ಷ ತುಂಬಿದ ದಿನವೇ, ವಿಶಾಖಪಟ್ಟಣದಲ್ಲಿ ಗುಂಡು ಹಾರಿತು. ಅದೇ ದಿನ ನಮ್ಮ ರಾಜ್ಯಕ್ಕೂ ಹತ್ತು ತುಂಬಿತ್ತು ಎಂಬುದನ್ನು ನೆನಪಿಡಿ. ಬೆಂಕಿ ವಿಜಯವಾಡ, ಗುಂಟೂರುಗಳಿಗೂ ಹಬ್ಬಿತು. ಆ ಚಳವಳಿಯಲ್ಲಿ ರಾಜ್ಯದಾದ್ಯಂತ ಒಟ್ಟು 32 ಮಂದಿ ಸತ್ತರೆಂದು ಇಂದಿಗೂ ಸ್ಮರಿಸುತ್ತಾರೆ. ಕಮ್ಯುನಿಸ್ಟರೂ ಸೇರಿದಂತೆ ವಿರೋಧ ಪಕ್ಷಗಳ ಶಾಸಕರು ದೊಡ್ಡ ಸಂಖ್ಯೆಯಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ವಿಶ್ವನಾಥಂ ಪಕ್ಷೇತರರಾಗಿ ನಿಂತು ವಿಶಾಖಪಟ್ಟಣದಿಂದ ಲೋಕಸಭೆಗೆ ಗೆದ್ದರು.

ಒಂದು ಸೂಕ್ಷ್ಮ ಗಮನಿಸಿ. ಗಾಂಧಿವಾದಿ, ಕಮ್ಯುನಿಸ್ಟ್, ವಿದ್ಯಾರ್ಥಿ, ವರ್ತಕ ಎಲ್ಲರೂ ಒಂದೇ ಸಾಲಿನಲ್ಲಿದ್ದರು. ಬೇಡಿಕೆಯ ಹೆಸರು ಆಂಧ್ರರ ಹಕ್ಕು ಎಂದಿತ್ತು. ಅದರ ಒಡಲೊಳಗೆ ಇದ್ದದ್ದು ಕೆಲಸದ ಹಕ್ಕು. ಸಮಾಜವಾದ ಎಂದರೇನು ಎಂದು ಆ ದಿನ ಯಾರನ್ನಾದರೂ ಕೇಳಿದ್ದರೆ ದೊಡ್ಡ ಪುಸ್ತಕ ತೆರೆಯುತ್ತಿರಲಿಲ್ಲ. ಸರ್ಕಾರಿ ಕಾರ್ಖಾನೆ, ತಿಂಗಳ ಸಂಬಳ, ಕ್ವಾರ್ಟರ್ಸು, ಮಗುವಿಗೆ ಶಾಲೆ, ವಯಸ್ಸಾದ ಮೇಲೆ ಪಿಂಚಣಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಐಟಿಐ ಕಾಲೊನಿಗಳಲ್ಲಿ ಬೆಳೆದವರಿಗೆ ಈ ಸಮಾಜವಾದದ ಪರಿಚಯ ಹೇಳಿಕೊಡಬೇಕಿಲ್ಲ.

ಒಂದೇ ದಿನ, ಮೂರು ಜಾತಕ

1970ರ ಏಪ್ರಿಲ್ 17ರಂದು ಪ್ರಧಾನಿ ಇಂದಿರಾ ಗಾಂಧಿ ಸಂಸತ್ತಿನಲ್ಲಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆ ಎಂದು ಪ್ರಕಟಿಸಿದರು: ತಮಿಳುನಾಡಿನ ಸೇಲಂ, ಆಂಧ್ರದ ವಿಶಾಖಪಟ್ಟಣ, ನಮ್ಮ ಹೊಸಪೇಟೆ ಸೀಮೆಯ ವಿಜಯನಗರ. ವಿಶಾಖಪಟ್ಟಣದಲ್ಲಿ 1971ರ ಜನವರಿ 20ರಂದು ಅಡಿಗಲ್ಲು ಬಿತ್ತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲೂ ಅದೇ ವರ್ಷ ಇಂದಿರಾ ಅವರೇ ಕಲ್ಲಿಟ್ಟರು.

ಮೂವರೂ ಒಂದೇ ದಿನ ಹುಟ್ಟಿದ ಮಕ್ಕಳು, ಜಾತಕ ಮಾತ್ರ ಬೇರೆ ಬೇರೆ. ಸೇಲಂನಲ್ಲಿ ಸಣ್ಣದಾದ ವಿಶೇಷ ಉಕ್ಕಿನ ಕಾರ್ಖಾನೆ ಆಯಿತು. ತೋರಣಗಲ್ಲಿನ ಅಡಿಗಲ್ಲು ಎರಡು ದಶಕ ಮಳೆ ಬಿಸಿಲು ಕಂಡಿತು, ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ. ಕೊನೆಗೆ 1994ರಲ್ಲಿ ಜಿಂದಾಲ್ ಸಮೂಹದ ಖಾಸಗಿ ಕಂಪನಿ ಅಲ್ಲಿಗೆ ಬಂತು. ಇಂದು ಅದು ವರ್ಷಕ್ಕೆ 12 ದಶಲಕ್ಷ ಟನ್ನಿಗೂ ಮಿಗಿಲಾದ ಸಾಮರ್ಥ್ಯದ, ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳಲ್ಲೊಂದು.

ವಿಶಾಖಪಟ್ಟಣ ನಡುವೆ ನಿಂತಿತು. ಸೋವಿಯತ್ ಒಕ್ಕೂಟದೊಡನೆ 1979ರಲ್ಲಿ ಒಪ್ಪಂದ, 1982ರಲ್ಲಿ ‘ರಾಷ್ಟ್ರೀಯ ಇಸ್ಪಾತ್ ನಿಗಮ’ ಎಂಬ ಸರ್ಕಾರಿ ಕಂಪನಿ. ಊದುಕುಲುಮೆಗಳಿಗೆ ಗೋದಾವರಿ, ಕೃಷ್ಣಾ ಎಂದು ನದಿಗಳ ಹೆಸರು, ಮೂರನೆಯದಕ್ಕೆ ಅನ್ನಪೂರ್ಣಾ. ಕಾರ್ಮಿಕರ ಊರಿನ ಹೆಸರು ಉಕ್ಕುನಗರಂ. 1992ರ ಆಗಸ್ಟ್ 1ರಂದು ಪ್ರಧಾನಿ ಪಿ.ವಿ. ನರಸಿಂಹರಾವ್ ಅದನ್ನು ದೇಶಕ್ಕೆ ಅರ್ಪಿಸಿದರು.

ಕಾಲದ ತಮಾಷೆ ನೋಡಿ. ನಕ್ಷೆ ಬರೆಯಲು ನೆರವಾದ ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲೇ ಇಲ್ಲವಾಗಿತ್ತು. ಕಾರ್ಖಾನೆಯನ್ನು ಅರ್ಪಿಸಿದ ಪ್ರಧಾನಿಯೇ ಒಂದು ವರ್ಷದ ಹಿಂದೆ ಉದಾರೀಕರಣದ ಬಾಗಿಲು ತೆರೆದಿದ್ದರು. ಸಮಾಜವಾದದ ಮದುವೆಗೆ ಎಂದು ಹೊಲಿಸಿದ ಬಟ್ಟೆ ಸಿದ್ಧವಾಗುವ ಹೊತ್ತಿಗೆ ಮದುವೆಯೇ ಮುಗಿದುಹೋಗಿತ್ತು.

ಗೇಟಿನ ಒಳಗೆ, ಗೇಟಿನ ಹೊರಗೆ

ಇನ್ನು ಈ ಕತೆಯ ನೋವಿನ ಭಾಗ. ಕಾರ್ಖಾನೆಗೆ 20 ಸಾವಿರ ಎಕರೆಗೂ ಹೆಚ್ಚು ನೆಲ ಬೇಕಾಯಿತು. 64 ಹಳ್ಳಿಗಳು, ಸುಮಾರು 16,500 ಕುಟುಂಬಗಳು ನೆಲ ಬಿಟ್ಟವು. ಅವರ ಕೈಗೆ ‘ಆರ್-ಕಾರ್ಡ್’ ಬಂತು, ಅಂದರೆ ಪುನರ್ವಸತಿ ಕಾರ್ಡು. ಕಾರ್ಡಿದ್ದವರ ಮನೆಗೊಂದು ಕೆಲಸ ಎಂಬ ನಂಬಿಕೆ. ಕೆಲಸ ಸಿಕ್ಕಿದ್ದು ಹೆಚ್ಚೂಕಡಿಮೆ ಅರ್ಧದಷ್ಟು ಕುಟುಂಬಗಳಿಗೆ. ಉಳಿದವರ ಕಾರ್ಡು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆಸ್ತಿಯಂತೆ ದಾಟಿತು. ಆಸ್ತಿಯೂ ಅದೊಂದೇ.

ಹಕ್ಕಿನ ಹೆಸರಿನಲ್ಲಿ ಹೋರಾಡಿದವರು ಒಂದು ಗುಂಪು, ಹಕ್ಕಿಗಾಗಿ ಹೊಲ ಕೊಟ್ಟವರು ಇನ್ನೊಂದು ಗುಂಪು. ಕೆಲಸ ಸಿಕ್ಕಿದವರು ಮೂರನೆಯ ಗುಂಪು. ಇವುಗಳಲ್ಲಿ ಎಲ್ಲೋ ಒಂದಿಷ್ಟು ಜನ ಎರಡರಲ್ಲೂ ಇದ್ದರು, ಎಲ್ಲರೂ ಅಲ್ಲ.

ಆಮೇಲೆ ಗೇಟಿನ ಒಳಗೂ ಗೆರೆ ಬಿತ್ತು. ಕಾಯಂ ಕಾರ್ಮಿಕ, ಗುತ್ತಿಗೆ ಕಾರ್ಮಿಕ. ಕುಲುಮೆಯ ಬಿಸಿ ಇಬ್ಬರಿಗೂ ಒಂದೇ. ಸಂಬಳ, ರಜೆ, ಆಸ್ಪತ್ರೆ, ಕ್ವಾರ್ಟರ್ಸು ಒಂದೇ ಅಲ್ಲ. 2021ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದ 30 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿ ಗುತ್ತಿಗೆಯವರೇ. ಹಳೆಯ ವರ್ಗಭೇದ ಮಾಲೀಕ ಮತ್ತು ಕೂಲಿಯ ನಡುವೆ ಇತ್ತು. ಹೊಸದು ಒಂದೇ ಯಂತ್ರದ ಎರಡು ಬದಿಯಲ್ಲಿ ನಿಂತವರ ನಡುವೆ. ನಿಮ್ಮ ಆಫೀಸಿನಲ್ಲೂ ಕೊರಳಿಗೆ ನೇತುಹಾಕಿಕೊಂಡ ಐಡಿ ಕಾರ್ಡಿನ ಪಟ್ಟಿಯ ಬಣ್ಣ ಎರಡು ಇದೆಯೇ? ಹಾಗಾದರೆ ಈ ಮಾತು ನಿಮಗೆ ಅರ್ಥವಾಗಿರುತ್ತದೆ.

ಕಾರ್ಖಾನೆಯ ಲೆಕ್ಕವೂ ಸುಲಭದ್ದಾಗಿರಲಿಲ್ಲ. ಕಟ್ಟುವಾಗ ಮಾಡಿದ ಸಾಲದ ಬಡ್ಡಿ 1990ರ ದಶಕದಲ್ಲಿ ಹಿಂಡಿತು. ಅದರಿಂದ ಪಾರಾಗಿ 2000ರ ದಶಕದ ಆರಂಭದಲ್ಲಿ ಲಾಭಕ್ಕೆ ಬಂತು, 2010ರಲ್ಲಿ ‘ನವರತ್ನ’ ಸ್ಥಾನವನ್ನೂ ಪಡೆಯಿತು. ಸಾಮರ್ಥ್ಯ ಕ್ರಮೇಣ 7.3 ದಶಲಕ್ಷ ಟನ್ನಿಗೆ ಏರಿತು. ಆದರೆ ಒಂದು ಕೊರತೆ ಹುಟ್ಟಿನಿಂದಲೇ ಇತ್ತು: ಸ್ವಂತ ಕಬ್ಬಿಣದ ಗಣಿ ಇಲ್ಲ. ಬೇರೆ ದೊಡ್ಡ ಉಕ್ಕಿನ ಕಂಪನಿಗಳು ತಮ್ಮ ಗಣಿಯ ಅದಿರು ಬಳಸಿದರೆ, ಇದು ಅದಿರನ್ನು ಮಾರುಕಟ್ಟೆ ದರಕ್ಕೆ ಕೊಳ್ಳಬೇಕು. ಅಕ್ಕಿಯನ್ನು ಅಂಗಡಿಯಿಂದ ತರುವ ಮನೆ, ಗದ್ದೆಯಿರುವ ಮನೆಯೊಂದಿಗೆ ಪೈಪೋಟಿ ನಡೆಸಿದ ಹಾಗೆ. ಅದಿರಿನ ಬೆಲೆ ಏರಿದಾಗಲೆಲ್ಲ ಕಾರ್ಖಾನೆ ಏದುಸಿರು ಬಿಟ್ಟಿತು.

2021ರ ಜನವರಿ 27ರಂದು ಕೇಂದ್ರ ಸರ್ಕಾರ ತನ್ನ ನೂರಕ್ಕೆ ನೂರು ಪಾಲನ್ನು ಮಾರಲು ತೀರ್ಮಾನಿಸಿತು. ಐದು ದಶಕದ ಹಿಂದಿನ ಘೋಷಣೆ ಮತ್ತೆ ಗೋಡೆಗೆ ಬಂತು. ಕಾರ್ಮಿಕರು ವರ್ಷಗಟ್ಟಲೆ ಧರಣಿ ಕುಳಿತರು. 2025ರ ಜನವರಿಯಲ್ಲಿ ಸರ್ಕಾರ 11,440 ಕೋಟಿ ರೂಪಾಯಿಯ ಪುನಶ್ಚೇತನ ನೆರವು ಮಂಜೂರು ಮಾಡಿತು. ಆದರೆ ಅದೇ ವರ್ಷ ಗುತ್ತಿಗೆ ಕಾರ್ಮಿಕರನ್ನು ಕೆಲಸದಿಂದ ತೆಗೆಯುವ ವಿಷಯಕ್ಕೆ ಮುಷ್ಕರವೂ ಆಯಿತು. ಕಾರ್ಖಾನೆ ಉಳಿಯುವುದು ಬೇರೆ, ಅದರಲ್ಲಿ ದುಡಿಯುವವನ ಕೆಲಸ ಉಳಿಯುವುದು ಬೇರೆ ಎಂಬುದನ್ನು ಗುತ್ತಿಗೆಯವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ನಮ್ಮ ಮನೆಯ ಕತೆಯೂ ಇದೇ

ಇದನ್ನು ಪಕ್ಕದ ರಾಜ್ಯದ ಸಮಾಚಾರ ಎಂದು ಮಡಿಚಿಡಬೇಡಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಊರು ಬೀದಿಗಿಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದಷ್ಟು ಭಾಗದಲ್ಲಿ ಕೆಲಸ ಮತ್ತೆ ಶುರುವಾಯಿತು. ಅಲ್ಲೂ ಮೊದಲು ಪೆಟ್ಟು ತಿಂದವರು ಗುತ್ತಿಗೆಯವರೇ. ಸ್ವಂತ ಗಣಿ ಇಲ್ಲದ ಕೊರಗು ಅಲ್ಲಿಯೂ ಇದ್ದದ್ದೇ.

ಬೆಂಗಳೂರಿನ ಹಿರಿಯರನ್ನು ಕೇಳಿ ನೋಡಿ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ 77 ದಿನ ಸಾರ್ವಜನಿಕ ಉದ್ಯಮಗಳ ಮುಷ್ಕರ ನಡೆಯಿತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್‌ಗಳ ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ನಿಲ್ಲಿಸಿದ್ದರು. ಬೇಡಿಕೆ ಏನಿತ್ತು? ಇನ್ನೊಂದು ಸರ್ಕಾರಿ ಕಾರ್ಖಾನೆಯಾದ ಬಿಎಚ್‌ಇಎಲ್‌ನವರಿಗೆ ಸಿಕ್ಕ ಸಂಬಳ ನಮಗೂ ಬೇಕು ಎಂದು. ಅಂದು ಆ ಮುಷ್ಕರದಲ್ಲಿದ್ದ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಒಪ್ಪಿಗೆ ಬಿತ್ತು. ಆ ಗಡಿಯಾರ ಕಟ್ಟಿಕೊಂಡೇ ಮದುವೆಯಾದವರು ನಮ್ಮ ಕೇಳುಗರಲ್ಲಿ ಎಷ್ಟು ಮಂದಿಯೋ!

ಹಾಗಾದರೆ ಸರ್ಕಾರಿ ಕಾರ್ಖಾನೆಯೇ ಎಲ್ಲಕ್ಕೂ ಮದ್ದೇ? ಚರಿತ್ರೆ ಹಾಗೆ ಹೇಳುವುದಿಲ್ಲ. ವಿಶಾಖಪಟ್ಟಣದ ಕಾರ್ಖಾನೆ ಸಾವಿರಾರು ಮನೆಗಳ ಒಲೆ ಹೊತ್ತಿಸಿತು, ಸಾವಿರಾರು ಆರ್-ಕಾರ್ಡುಗಳನ್ನು ಕಾಯಿಸಿತು. ಖಾಸಗಿಯೇ ಮದ್ದೇ? ತೋರಣಗಲ್ಲು ಟನ್ನುಗಳ ಲೆಕ್ಕದಲ್ಲಿ ವಿಶಾಖಪಟ್ಟಣವನ್ನು ಹಿಂದೆ ಹಾಕಿತು, ನಿಜ. ಆದರೆ ಅಲ್ಲಿನ ಕಾರ್ಖಾನೆ ಯಾರ ಹಕ್ಕು ಎಂದು ಬಳ್ಳಾರಿಯ ಗೋಡೆಯ ಮೇಲೆ ಪ್ರಾಸ ಕಟ್ಟಿ ಬರೆಯಲು ಆಗುವುದಿಲ್ಲ. ಅದು ಷೇರುದಾರರದು. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ಆದರೆ ಒಂದನ್ನೇ ಹಿಡಿದರೆ ಅರ್ಧ ಕತೆ.

ವಿಶಾಖಪಟ್ಟಣದಲ್ಲಿ 1910ರಲ್ಲಿ ಹುಟ್ಟಿದ ಒಬ್ಬ ಕವಿಯನ್ನು ಇಲ್ಲಿ ನೆನೆಯಬೇಕು, ಶ್ರೀ ಶ್ರೀ. 1930ರ ದಶಕದ ಹಸಿವು ನಿರುದ್ಯೋಗಗಳ ನಡುವೆ ಅವರು ಬರೆದ ಕವಿತೆಗಳು ‘ಮಹಾಪ್ರಸ್ಥಾನಂ’ ಎಂಬ ಪುಸ್ತಕವಾಗಿ 1950ರಲ್ಲಿ ಬಂದವು. 1981ರಲ್ಲಿ ಕೆ. ಬಾಲಚಂದರ್ ನಿರುದ್ಯೋಗಿ ಯುವಕರ ಮೇಲೆ ‘ಆಕಲಿ ರಾಜ್ಯಂ’ ಸಿನಿಮಾ ಮಾಡಿದಾಗ, ಕಮಲ್ ಹಾಸನ್ ಬಾಯಲ್ಲಿ ಮತ್ತೆ ಬಂದದ್ದು ಅವೇ ಕವಿತೆಗಳು. ಐವತ್ತು ವರ್ಷದ ಹಳೆಯ ಹಸಿವು ಹೊಸ ಹುಡುಗರ ಹೊಟ್ಟೆಗೆ ಸರಿಹೊಂದಿತ್ತು.

ಕೊನೆಯದಾಗಿ ಒಂದು ಮಾತು. ಈ ಮಹಾನಗರದಲ್ಲಿ ನೀವು ಬೆಳಿಗ್ಗೆ ಬಸ್ಸಿನಲ್ಲೋ ಮೆಟ್ರೊದಲ್ಲೋ ಕೂತು ನಮ್ಮ ಕನ್ನಡದ ಅರ್ಧ ಗಂಟೆ ಕೇಳುತ್ತೀರಿ. ನಿಮ್ಮಲ್ಲಿ ಅನೇಕರು ಊರು ಬಿಟ್ಟು ಬಂದದ್ದು ಕೆಲಸಕ್ಕಾಗಿಯೇ. ಊರಿನಲ್ಲಿ ಕೆಲಸ ಇದ್ದಿದ್ದರೆ ಈ ಊರಿನಲ್ಲಿ ಕನ್ನಡ ಕಾರ್ಯಕ್ರಮಕ್ಕೆ ಇಷ್ಟು ಕಿವಿಗಳು ಇರುತ್ತಿದ್ದವೋ ಇಲ್ಲವೋ! ತೋರಣಗಲ್ಲಿನ ಅಡಿಗಲ್ಲು 1971ರಲ್ಲೇ ಕಾರ್ಖಾನೆಯಾಗಿದ್ದರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟು ಹುಡುಗರು ಬೇರೆ ಊರಿನ ಬಸ್ಸು ಹತ್ತದೆ ಉಳಿಯುತ್ತಿದ್ದರೋ ಹೇಳುವವರಾರು?

ಇಂದು ಸಂಜೆ ಮನೆಗೆ ಹೋದಾಗ ಅಪ್ಪನನ್ನೋ ಮಾವನನ್ನೋ ಕೇಳಿ ನೋಡಿ, ‘ನಿಮಗೆ ಮೊದಲ ಕೆಲಸ ಸಿಕ್ಕಿದ್ದು ಹೇಗೆ?’ ಎಂದು. ಅವರ ಉತ್ತರದಲ್ಲಿ ಯಾವುದೋ ಕಾರ್ಖಾನೆ, ಯಾವುದೋ ಮುಷ್ಕರ, ಯಾರೋ ಬಿಟ್ಟುಕೊಟ್ಟ ಹೊಲ ಇದ್ದೇ ಇರುತ್ತದೆ. ಆ ಉತ್ತರವನ್ನು ನಮಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ, ಕೇಳುತ್ತಲೇ ಇರಿ.